ಬರೀ 3 ಕೋಟಿ

1984ರ ಬೇಸಿಗೆ. ಅಮೆರಿಕ, ಸೋವಿಯತ್ ಎರಡೂ ಸಾವಿರಾರು ಅಣ್ವಸ್ತ್ರ ಇಟ್ಟುಕೊಂಡು ಎದುರುಬದುರು ಕೂತಿದ್ದ ಕಾಲ. ಕ್ಯಾರಲ್ ಕೋನ್ ಅನ್ನೋ ಕಾಲೇಜು ಅಧ್ಯಾಪಕಿ ಅಣ್ವಸ್ತ್ರ ನೀತಿಯ ಬಗ್ಗೆ ನಡೆದ ಒಂದು ಶಿಬಿರಕ್ಕೆ ಹೋದರು. ಅಲ್ಲಿದ್ದ ರಕ್ಷಣಾ ತಜ್ಞರು ಬಹುತೇಕ ಗಂಡಸರು. ರಾಕ್ಷಸರೇನಲ್ಲ, ಸಭ್ಯರು, ನಗುನಗುತ್ತಾ ಮಾತಾಡೋರು. ಇಂಥವರು ಇಂಥ ಲೆಕ್ಕ ಹೇಗೆ ಹಾಕ್ತಾರೆ? ಆ ಕುತೂಹಲಕ್ಕೆ ಕೋನ್ ಒಂದು ವರ್ಷ ಅವರ ನಡುವೆಯೇ ಉಳಿದುಬಿಟ್ಟರು.

ಕಿವಿಗೆ ಬಿದ್ದದ್ದು ಬೇರೆಯೇ ಭಾಷೆ. ಊರಿನ ಜನ ಸತ್ತರೆ ಅದು ‘ಕೊಲ್ಯಾಟರಲ್ ಡ್ಯಾಮೇಜ್’. ಹತ್ತು ಅಣು ಸಿಡಿತಲೆ ಹೊರಬಲ್ಲ ಎಂಎಕ್ಸ್ ಕ್ಷಿಪಣಿಗೆ ಅಧ್ಯಕ್ಷ ರೇಗನ್ ಇಟ್ಟ ಹೆಸರು ‘ಪೀಸ್‌ಕೀಪರ್’. ಸಾದಾ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ, ಪಾಪ, ಏನೂ ಗೊತ್ತಿಲ್ಲದವಳು ಅನ್ನೋ ಹಾಗೆ ನೋಡ್ತಿದ್ದರು. ಸರಿ, ಕೋನ್ ಆ ಭಾಷೆ ಕಲಿತರು. ಮರ್ಯಾದೆ ಸಿಕ್ತು. ಆದರೆ ಕೇಳಬೇಕಿದ್ದ ಪ್ರಶ್ನೆಯನ್ನು ಆ ಭಾಷೆಯಲ್ಲಿ ಕೇಳೋಕೇ ಬರ್ತಿರಲಿಲ್ಲ. ಅದರಲ್ಲಿ ಶಾಂತಿಗೆ ಪದವೇ ಇರಲಿಲ್ಲ. ಬಾಂಬಿಗೆ ಏನಾಗುತ್ತೆ ಅಂತ ಹೇಳೋಕೆ ಪದಗಳಿದ್ದವು, ಮನುಷ್ಯರಿಗೆ ಏನಾಗುತ್ತೆ ಅಂತ ಹೇಳೋಕೆ ಇರಲಿಲ್ಲ. 1987ರಲ್ಲಿ ಇದನ್ನೆಲ್ಲ ಬರೆದು ಪ್ರಕಟಿಸಿದರು.

1993ರ ಇನ್ನೊಂದು ಪ್ರಬಂಧದಲ್ಲಿ ಒಬ್ಬ ಭೌತವಿಜ್ಞಾನಿಯ ಅನುಭವ ಬರುತ್ತೆ. ಅಣುದಾಳಿಯ ಮಾಡೆಲ್ ಒಂದನ್ನು ಸ್ವಲ್ಪ ಬದಲಾಯಿಸಿದಾಗ ತಕ್ಷಣ ಸಾಯೋರ ಸಂಖ್ಯೆ 3.6 ಕೋಟಿಯಿಂದ 3 ಕೋಟಿಗೆ ಇಳೀತು. ಎಲ್ಲರೂ ಖುಷಿಯಿಂದ ತಲೆಯಾಡಿಸಿದರು. ಈತನಿಗೆ ತಡೆಯಲಾಗದೆ, ಬರೀ 3 ಕೋಟಿ ಜನಾನಾ, ಅಂತ ಬಾಯಿಬಿಟ್ಟ. ಕೋಣೆಯಲ್ಲಿ ಮೌನ. ಯಾರೂ ಮುಖ ಎತ್ತಿ ನೋಡಲಿಲ್ಲ. ಆ ಕ್ಷಣ ತಾನೊಬ್ಬ ಹೆಂಗಸಾದ ಹಾಗೆ ಅನ್ನಿಸಿತು ಅಂತ ಆತ ಆಮೇಲೆ ಹೇಳಿಕೊಂಡ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮೂರಲ್ಲಿ ಬದುವಿನ ಜಗಳಕ್ಕೆ ರಾಜಿ ಆಗೋಣ ಅಂದವನಿಗೆ ‘ಕೈಗೆ ಬಳೆ ತೊಟ್ಕೊಂಡಿದ್ದೀಯೇನೋ’ ಅಂತಾರೆ. ಕೋನ್ ಹೇಳೋದೂ ಅದನ್ನೇ: ಕರುಣೆ, ಹಿಂಜರಿಕೆ, ರಾಜಿ ಇವೆಲ್ಲ ‘ಹೆಂಗಸರದ್ದು’ ಅಂತ ಹಣೆಪಟ್ಟಿ ಬಿದ್ದರೆ, ನೀತಿ ಮಾಡೋ ಕೋಣೆಯಲ್ಲಿ ಗಂಡಸರೂ ಅವನ್ನು ಆಡಲ್ಲ. ಅಲ್ಲಿಗೆ ನಾಲ್ಕು ಜನ ಹೆಣ್ಣುಮಕ್ಕಳನ್ನು ಕೂರಿಸಿದರೆ ಸಾಲದು. ಅವರೂ ಅದೇ ಭಾಷೆ ಕಲಿಯಬೇಕಾಗುತ್ತೆ. ಮಹಿಳೆ, ಶಾಂತಿ, ಭದ್ರತೆ ಕುರಿತು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮೊದಲ ನಿರ್ಣಯ ಮಾಡಿದ್ದೇ 2000ದಲ್ಲಿ. ಬಾಸ್ಟನ್ನಿನಲ್ಲಿ ಇದಕ್ಕೇ ಒಂದು ಸಂಶೋಧನಾ ಕೇಂದ್ರ ಕಟ್ಟಿದ ಕೋನ್, ಆ ನಿರ್ಣಯವನ್ನೂ ಬಿಡದೆ ಪರೀಕ್ಷಿಸಿದರು.

1974ರಲ್ಲಿ ಪೋಖ್ರಾನಿನಲ್ಲಿ ನಾವು ಸಿಡಿಸಿದ್ದಕ್ಕೂ ‘ಶಾಂತಿಯುತ ಸ್ಫೋಟ’ ಅಂತಲೇ ಹೆಸರಿಟ್ಟೆವು. ಅಷ್ಟು ದೂರ ಯಾಕೆ, ‘ಎರಡು ರಿಸೋರ್ಸ್ ಕಡಿಮೆ ಮಾಡಿ’ ಅಂತ ಮೀಟಿಂಗಿನಲ್ಲಿ ಕೇಳಿದಾಗ ನಾವೂ ಎಕ್ಸೆಲ್ ಶೀಟಿನ ಸಾಲು ಅಳಿಸ್ತೀವಿ. ಅದು ಬಾಂಬಲ್ಲ, ನಿಜ. ಆದರೆ ಯಾರ ಮನೆಯ ದುಡಿಮೆ ನಿಲ್ತು ಅಂತ ಕೇಳೋಕೆ ಆ ಶೀಟಿನಲ್ಲಿ ಕಾಲಮ್ಮೇ ಇರಲ್ಲ. ಕೇಳೋಕೆ ಒಬ್ಬರು ಬಾಯಿ ತೆರೀಬೇಕು, ಉಳಿದವರು ಮುಖ ಎತ್ತಿ ನೋಡಬೇಕು.