ತುಳಿಗಿರಣಿಯ ಕಥೆ

ನಮ್ಮ ಮನೆಯ ಹಜಾರದಲ್ಲಿ ಒಂದು ಟ್ರೆಡ್‌ಮಿಲ್ ಇದೆ. ಕಳೆದ ವರ್ಷ ಡಾಕ್ಟರು ನನ್ನ ಎದೆಯನ್ನು ಪರೀಕ್ಷಿಸಿ, "ಮೇಷ್ಟರೇ, ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಿರಿ. ತರಗತಿಯಲ್ಲಿ ನಿಂತು ಪಾಠ ಹೇಳುವುದು ನಡೆದ ಲೆಕ್ಕಕ್ಕೆ ಬರುವುದಿಲ್ಲ" ಎಂದರು. ಬೆಂಗಳೂರಿನ ನಮ್ಮ ಬೀದಿಯಲ್ಲಿ ನಡೆಯುವುದೆಂದರೆ ವಾಹನಗಳಿಗೂ ಬೀದಿನಾಯಿಗಳಿಗೂ ದಾರಿ ಬಿಟ್ಟು, ಮಿಕ್ಕ ಜಾಗದಲ್ಲಿ ಕಾಲಿಡುವುದು. ಆದ್ದರಿಂದ ಕಂತಿನ ಮೇಲೆ ಈ ಯಂತ್ರ ಮನೆಗೆ ಬಂತು. ಕೆಲವು ತಿಂಗಳು ಚೆನ್ನಾಗಿಯೇ ಓಡಿತು. ಅನಂತರ, ನಾನು ಹತ್ತಿದ ಐದಾರು ನಿಮಿಷಕ್ಕೆಲ್ಲ, ಹಟ ಹಿಡಿದ ಎತ್ತಿನಂತೆ ನಿಂತುಬಿಡತೊಡಗಿತು. ನಮ್ಮಾಕೆ ಅದರ ಕೈಪಿಡಿಯ ಮೇಲೆ ಒದ್ದೆ ಬಟ್ಟೆ ಹರವುವುದಕ್ಕೆ ಆರಂಭಿಸಿದರು. ರಿಪೇರಿಯ ಹುಡುಗ ಭಾನುವಾರ ಬರುವುದಾಗಿ ಹೇಳಿದ. ಅಂದು ಬುಧವಾರ.

ಯಂತ್ರ ಕೆಟ್ಟರೆ ಇಂಜಿನಿಯರಿಗೆ ಸ್ಕ್ರೂಡ್ರೈವರು ನೆನಪಾಗುತ್ತದೆ. ಭಾಷೆಯ ಮೇಷ್ಟರಿಗೆ ನಿಘಂಟು. 'ಟ್ರೆಡ್' ಎಂದರೆ ತುಳಿ, 'ಮಿಲ್' ಎಂದರೆ ಗಿರಣಿ. ಗಿರಣಿಯೆಂದ ಮೇಲೆ ಅದು ರಾಗಿಯನ್ನೋ ಗೋಧಿಯನ್ನೋ ಬೀಸಬೇಕಷ್ಟೆ. ನಮ್ಮ ಹಜಾರದ ಗಿರಣಿ ಏನನ್ನು ಬೀಸುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಆ ನಾಲ್ಕು ದಿನ ನಾನು ಓದಿದ್ದು ವ್ಯಾಯಾಮದ ಚರಿತ್ರೆಯಲ್ಲ, ಸೆರೆಮನೆಯ ಚರಿತ್ರೆ.

ಕಾಲಿನ ತುಳಿತದಿಂದ ಕೆಲಸ ತೆಗೆಯುವ ಉಪಾಯ ಬಹಳ ಹಳೆಯದು. ರೋಮಿನ ಹಾತೇರಿ ಮನೆತನದ ಸಮಾಧಿಯ ಶಿಲ್ಪವೊಂದರಲ್ಲಿ, ದೊಡ್ಡ ಚಕ್ರದೊಳಗೆ ಆಳುಗಳು ಹತ್ತುತ್ತ ಹತ್ತುತ್ತ ಭಾರ ಎತ್ತುವ ಯಂತ್ರದ ಚಿತ್ರವಿದೆ. ನಮ್ಮ ಏತದಲ್ಲಿಯೂ ಆಳು ಮರದ ಮೇಲೇರಿ ಹಿಂದಕ್ಕೂ ಮುಂದಕ್ಕೂ ನಡೆದು, ತನ್ನ ಭಾರದಿಂದಲೇ ಬಾವಿಯ ನೀರನ್ನು ಮೇಲಕ್ಕೆ ತರುವ ಬಗೆಯೊಂದುಂಟು. ಇವೆಲ್ಲ ಕಷ್ಟದ ದುಡಿಮೆಯೇ ಸರಿ. ಆದರೆ ಕಲ್ಲು ಮೇಲೇರಿತೆಂದರೆ, ಗದ್ದೆ ತುಂಬಿತೆಂದರೆ, ಆ ಕೆಲಸಕ್ಕೆ ಒಂದು ಕೊನೆಯಿತ್ತು.

ಕೊನೆಯಿಲ್ಲದ ತುಳಿತವನ್ನು ಕಂಡುಹಿಡಿದವನು ವಿಲಿಯಂ ಕ್ಯೂಬಿಟ್. ೧೭೮೫ರಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತದಲ್ಲಿ ಹುಟ್ಟಿದ ಇವನು ಗಿರಣಿಯವನ ಮಗ. ಗಾಳಿಗಿರಣಿಯ ರೆಕ್ಕೆಗಳು ಗಾಳಿಯ ರಭಸಕ್ಕೆ ತಕ್ಕಂತೆ ತಾವೇ ಹೊಂದಿಕೊಳ್ಳುವ ಏರ್ಪಾಟನ್ನು ೧೮೦೭ರಲ್ಲಿಯೇ ಮಾಡಿದ ಬುದ್ಧಿವಂತ. ಬೆರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನ ಸೆರೆಮನೆಯಲ್ಲಿ ಕೈದಿಗಳು ಕೆಲಸವಿಲ್ಲದೆ ಅಡ್ಡಾಡಿಕೊಂಡಿದ್ದುದನ್ನು ಕಂಡು ಇವನಿಗೆ ಈ ಚಕ್ರ ಹೊಳೆಯಿತೆಂದು ಹೇಳುತ್ತಾರೆ. ಅದು ೧೮೧೮ರ ಸುಮಾರು. ೧೮೨೧ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ಇಂಥ ದೊಡ್ಡ ಚಕ್ರ ಸ್ಥಾಪನೆಯಾಯಿತು. ಅಲ್ಲಿಂದ ದೇಶದ ಉಳಿದ ಸೆರೆಮನೆಗಳಿಗೂ ಹರಡಿತು.

ಅದರ ರಚನೆ ಸರಳ. ಅಡ್ಡಲಾಗಿ ಮಲಗಿಸಿದ ಉದ್ದನೆಯ ಪೀಪಾಯಿಯಂಥ ಚಕ್ರ. ಅದರ ಹೊರಮೈಯ ಸುತ್ತ ಮೆಟ್ಟಿಲಿನಂಥ ಹಲಗೆಗಳು. ಕೈದಿಗಳು ಸಾಲಾಗಿ ನಿಂತು, ಎದೆಯ ಎತ್ತರದ ಕಂಬಿಯನ್ನು ಹಿಡಿದು, ಹಲಗೆಯ ಮೇಲೆ ಕಾಲಿಡಬೇಕು. ಇಟ್ಟ ಹಲಗೆ ಕೆಳಗಿಳಿಯುತ್ತದೆ, ಮುಂದಿನದಕ್ಕೆ ಕಾಲೆತ್ತಲೇಬೇಕು. ದಿನಕ್ಕೆ ಸಾವಿರಾರು ಅಡಿ ಹತ್ತಿದರೂ ಮನುಷ್ಯ ಇದ್ದಲ್ಲಿಯೇ ಇರುತ್ತಾನೆ. ಎಷ್ಟೋ ಕಡೆ ಪಕ್ಕದವನೊಡನೆ ಮಾತಾಡದಂತೆ ನಡುವೆ ಹಲಗೆಯ ತಡಿಕೆಗಳಿದ್ದುವು. ಮೊದಮೊದಲು ಇದರಿಂದ ಧಾನ್ಯ ಬೀಸಿದರು, ನೀರೆತ್ತಿದರು. ವೇಲ್ಸ್ ಪ್ರಾಂತದ ಬ್ಯೂಮಾರಿಸ್ ಎಂಬಲ್ಲಿ ಸೆರೆಮನೆಯ ನೀರಿನ ತೊಟ್ಟಿಗಳನ್ನು ತುಂಬುತ್ತಿದ್ದ ಚಕ್ರ ಇಂದಿಗೂ ಉಳಿದಿದೆ. ಆದರೆ ಹಲವೆಡೆ ಬೀಸಲು ಏನೂ ಇರಲಿಲ್ಲ. ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಸೆರೆಮನೆಯ ಚಕ್ರ ಸುಮ್ಮನೆ ಒಂದು ದೊಡ್ಡ ಬೀಸಣಿಗೆಯನ್ನು ತಿರುಗಿಸುತ್ತಿತ್ತು. ಕೈದಿಗಳು ಅದನ್ನು ಗಾಳಿ ಬೀಸುವ ಕೆಲಸವೆಂದು ಕರೆದರು. ಹಿಟ್ಟು ಬೀಸಿದಂತೆ ಗಾಳಿಯನ್ನು ಬೀಸುವುದು! ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ಈ ಗಿರಣಿ ಅಮೆರಿಕಕ್ಕೂ ಹೋಯಿತು. ನ್ಯೂಯಾರ್ಕಿನಲ್ಲಿ ಜೇಮ್ಸ್ ಹಾರ್ಡಿ ಎಂಬಾತ ೧೮೨೪ರಲ್ಲಿ ಇದರ ಚರಿತ್ರೆಯನ್ನೇ ಬರೆದ. ಕೈದಿಗಳನ್ನು ಹೆದರಿಸುವುದು ಕೆಲಸದ ಕಾಠಿನ್ಯವಲ್ಲ, ಅದರ ಬೇಸರದ ಏಕರೀತಿ ಎಂಬುದು ಅವನ ಅಭಿಪ್ರಾಯ. ಅದನ್ನು ಅವನು ಮೆಚ್ಚುಗೆಯಿಂದಲೇ ಹೇಳಿದ. ನಮ್ಮವರು ಬೇಸತ್ತಾಗ 'ಗಾಣದೆತ್ತಿನ ಬಾಳು' ಎನ್ನುವುದಿಲ್ಲವೇ? ಆದರೆ ಗಾಣದ ಎತ್ತು ಸಹ ಎಣ್ಣೆ ತೆಗೆಯುತ್ತದೆ, ಸಂಜೆ ಅದರ ನೊಗ ಬಿಚ್ಚುತ್ತಾರೆ. ಆ ಎತ್ತಿನ ಜಾಗದಲ್ಲಿ ಮನುಷ್ಯರನ್ನು ಹೂಡಿದ ಕಥೆ ನಮ್ಮ ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿಯೂ ನಡೆಯಿತು. ಅಲ್ಲಿನ ರಾಜಕೀಯ ಕೈದಿಗಳು ಗಾಣ ತಿರುಗಿಸಿ ಎಣ್ಣೆ ತೆಗೆಯಬೇಕಾಗಿತ್ತು.

ಈ ಚಕ್ರದ ಕ್ರೂರರೂಪ ಕಾಣಬೇಕಾದರೆ ಜಮೈಕಕ್ಕೆ ಹೋಗಬೇಕು. ೧೮೩೪ರ ಆಗಸ್ಟ್ ೧ರಂದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಬಿಡುಗಡೆಯಾದವರು ಇನ್ನೂ ಕೆಲವು ವರ್ಷ 'ಅಪ್ರೆಂಟಿಸು'ಗಳೆಂಬ ಹೆಸರಿನಲ್ಲಿ ಹಳೆಯ ಒಡೆಯರಿಗೇ ದುಡಿಯಬೇಕೆಂದು ಗೊತ್ತಾಯಿತು. ಒಡೆಯ ತಾನಾಗಿ ಚಾವಟಿ ಎತ್ತುವಂತಿಲ್ಲ. ಮ್ಯಾಜಿಸ್ಟ್ರೇಟನಿಗೆ ದೂರು ಕೊಟ್ಟು ಕೆಲಸದ ಸೆರೆಗೆ ಕಳುಹಿಸಬಹುದು. ಅಲ್ಲಿ ಕಾದಿದ್ದುದು ತುಳಿಚಕ್ರ. ಗಂಡಸರನ್ನೂ ಹೆಂಗಸರನ್ನೂ ಮೇಲಿನ ಕಂಬಿಗೆ ಮಣಿಕಟ್ಟುಗಳಲ್ಲಿ ಬಿಗಿದು ಹತ್ತಿಸುತ್ತಿದ್ದರು. ಹೆಜ್ಜೆ ತಪ್ಪಿದವರು ಕೈಗಳ ಮೇಲೆ ನೇತಾಡುತ್ತಿದ್ದರು. ತಿರುಗುವ ಹಲಗೆಗಳು ಒಂದಾದ ಮೇಲೊಂದು ಅವರ ಮೊಳಕಾಲ ಕೆಳಗಿನ ಮೂಳೆಗೆ ಬಡಿಯುತ್ತಿದ್ದುವು. ಬಿದ್ದವನಿಗಾಗಿ ಚಕ್ರ ನಿಲ್ಲುತ್ತಿರಲಿಲ್ಲ. ಇದನ್ನು ಅನುಭವಿಸಿದ ಜೇಮ್ಸ್ ವಿಲಿಯಮ್ಸ್ ಎಂಬ ಹರೆಯದ ಹುಡುಗ ತನ್ನ ಕಥೆಯನ್ನು ಹೇಳಿ ಬರೆಯಿಸಿದ. ೧೮೩೭ರಲ್ಲಿ ಅದು ಇಂಗ್ಲೆಂಡಿನಲ್ಲಿ ಅಚ್ಚಾಗಿ ಜನರ ಮನಸ್ಸನ್ನು ಕಲಕಿತು. ಸರ್ಕಾರ ವಿಚಾರಣೆ ನಡೆಸಿತು. ೧೮೩೮ರ ಆಗಸ್ಟ್ ೧ರಂದು ಅಪ್ರೆಂಟಿಸ್ ಪದ್ಧತಿ ಮುಗಿಯಿತು. ಅದನ್ನು ಮುಗಿಸಿದ ಕಾರಣಗಳಲ್ಲಿ ಆ ಹುಡುಗನ ಸಣ್ಣ ಪುಸ್ತಕವೂ ಒಂದು.

ಇಂಗ್ಲೆಂಡಿನಲ್ಲಿ ಮಾತ್ರ ಚಕ್ರ ಇನ್ನೂ ಅರವತ್ತು ವರ್ಷ ತಿರುಗಿತು. ೧೮೯೫ರಲ್ಲಿ ಎರಡು ವರ್ಷಗಳ ಕಠಿನ ಸಜೆ ಪಡೆದ ಸಾಹಿತಿ ಆಸ್ಕರ್ ವೈಲ್ಡನೂ ಪೆಂಟನ್‌ವಿಲ್ ಸೆರೆಮನೆಯಲ್ಲಿ ಅದನ್ನು ತುಳಿದ. ಬಿಡುಗಡೆಯಾದ ಮೇಲೆ ಅವನು ಬರೆದ ರೆಡಿಂಗ್ ಸೆರೆಮನೆಯ ಲಾವಣಿಯಲ್ಲಿ ಈ ಗಿರಣಿಯ ಪ್ರಸ್ತಾಪವಿದೆ. ಆ ಲಾವಣಿ ಪ್ರಕಟವಾದ ೧೮೯೮ರಲ್ಲಿಯೇ ಹೊಸ ಕಾರಾಗೃಹ ಶಾಸನ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ತುಳಿಚಕ್ರ ಮರೆಯಾಯಿತು.

ಶಿಕ್ಷೆಯ ಯಂತ್ರ ಚಿಕಿತ್ಸೆಯ ಯಂತ್ರವಾದುದು ಇಪ್ಪತ್ತನೆಯ ಶತಮಾನದಲ್ಲಿ. ಹೃದ್ರೋಗಿಯ ಹೃದಯ ವಿಶ್ರಾಂತಿಯಲ್ಲಿ ಏನೂ ಹೇಳದೆ ಇರಬಹುದು. ದುಡಿಸಿದಾಗ ಮಾತ್ರ ತನ್ನ ಕಷ್ಟವನ್ನು ಬಾಯಿಬಿಡುತ್ತದೆ. ೧೯೨೯ರಲ್ಲಿ ಅಮೆರಿಕದ ಆರ್ಥರ್ ಮಾಸ್ಟರ್ ಎಂಬ ವೈದ್ಯರು ಎರಡು ಮೆಟ್ಟಿಲುಗಳನ್ನು ಹತ್ತಿಸಿ ಇಳಿಸಿ ಪರೀಕ್ಷಿಸುವ ಕ್ರಮವನ್ನು ಮುಂದಿಟ್ಟರು. ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಡಾಕ್ಟರ್ ರಾಬರ್ಟ್ ಬ್ರೂಸ್ ಮೆಟ್ಟಿಲಿನ ಬದಲು ಚಲಿಸುವ ಪಟ್ಟಿಯನ್ನು ಬಳಸಿದರು. ೧೯೬೩ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ ೧.೭ ಮೈಲಿಯ ವೇಗ, ನೂರಕ್ಕೆ ಹತ್ತರ ಏರು. ಮುಂದಿನ ಮೂರು ನಿಮಿಷ ೨.೫ ಮೈಲಿ, ನೂರಕ್ಕೆ ಹನ್ನೆರಡರ ಏರು. ಹೀಗೆ ಮೂರು ಮೂರು ನಿಮಿಷಕ್ಕೆ ಎರಡೂ ಹೆಚ್ಚುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ 'ಟಿ.ಎಂ.ಟಿ.' ಎನ್ನುವುದು ಇದನ್ನೇ. ನಾನೂ ಎದೆಗೆ ತಂತಿಗಳನ್ನು ಅಂಟಿಸಿಕೊಂಡು ಅದರ ಮೇಲೆ ನಡೆದವನು. "ಸಾಕೆನಿಸಿದರೆ ತಕ್ಷಣ ಹೇಳಿ, ಸಾರ್. ಸಂಕೋಚ ಬೇಡ" ಎಂದು ಪಕ್ಕದಲ್ಲಿದ್ದ ದಾದಿ ಎರಡು ಸಲ ಹೇಳಿದರು. ಕ್ಯೂಬಿಟನ ಚಕ್ರದ ಮೇಲೆ ಯಾರೂ ಆಡದಿದ್ದ ಮಾತು ಅದು. ಅಲ್ಲಿ ನಿಲ್ಲುವುದು ಅಪರಾಧವಾಗಿತ್ತು. ಇಲ್ಲಿ ಎಲ್ಲಿ ನಿಂತೆವೆಂಬುದೇ ಡಾಕ್ಟರಿಗೆ ಬೇಕಾದ ಸಂಗತಿ.

ಮನೆಗೆ ಈ ಯಂತ್ರ ಬಂದದ್ದು ಅದರ ಹಿಂದೆಯೇ. ಡಾಕ್ಟರ್ ಕೆನೆತ್ ಕೂಪರರ 'ಏರೋಬಿಕ್ಸ್' ಎಂಬ ಗ್ರಂಥ ೧೯೬೮ರಲ್ಲಿ ಹೊರಬಂತು. ಅದನ್ನು ಓದಿದ ವಿಲಿಯಂ ಸ್ಟಾಬ್ ಎಂಬ ಇಂಜಿನಿಯರು, ಸಾಮಾನ್ಯರ ಮನೆಗೆ ಒಪ್ಪುವ ಟ್ರೆಡ್‌ಮಿಲ್ ಇಲ್ಲವೆಂಬುದನ್ನು ಕಂಡು ತಾವೇ ಒಂದನ್ನು ಕಟ್ಟಿದರು. 'ಪೇಸ್‌ಮಾಸ್ಟರ್ ೬೦೦' ಎಂಬುದು ಅದರ ಹೆಸರು. ೨೦೧೨ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಸ್ಟಾಬ್ ತೀರಿಕೊಂಡರು. ಅವರ ಆ ಯಂತ್ರದಲ್ಲಿ ಪಟ್ಟಿಯ ಕೆಳಗೆ ಸಾಲಾಗಿ ಉಕ್ಕಿನ ಉರುಳೆಗಳಿದ್ದುವು. ಇಂದಿನ ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಿಂದೊಂದು ಮುಂದೊಂದು ಉರುಳೆ ಮಾತ್ರ. ನಡುವೆ ಇರುವುದು ನುಣುಪಾದ ಹಲಗೆ. ಪಟ್ಟಿ ಅದರ ಮೇಲೆ ಉಜ್ಜಿಕೊಂಡೇ ಸಾಗಬೇಕು. ನಮ್ಮ ಮನೆಯ ರಗಳೆಯ ಬೀಜ ಇಲ್ಲಿತ್ತು.

ಭಾನುವಾರ ಹುಡುಗ ಬಂದ. ಹೊದಿಕೆ ಬಿಚ್ಚುವ ಮೊದಲು ಕೇಳಿದ: "ಸಾರ್, ಯಾರೂ ಹತ್ತದೆ ಬರೀ ಓಡಿಸಿದರೂ ನಿಲ್ಲುತ್ತಾ?" ಇಲ್ಲವೆಂದೆ. "ಹಾಗಾದರೆ ಅರ್ಧ ಗೊತ್ತಾಯಿತು" ಎಂದ. ಅವನು ವಿವರಿಸಿದ್ದನ್ನು ಓದುಗರ ಉಪಯೋಗಕ್ಕೆಂದು ಬರೆಯುತ್ತೇನೆ. ಖಾಲಿ ಓಡುವಾಗಲೂ ನಿಂತರೆ, ಮೊದಲು ಅಂಗಿಗೆ ಸಿಕ್ಕಿಸುವ ದಾರದ ತುದಿಯ ಕೀಲಿಯನ್ನು ನೋಡಬೇಕು. ಅದರ ಅಯಸ್ಕಾಂತ ತನ್ನ ಜಾಗದಿಂದ ಸ್ವಲ್ಪ ಸರಿದರೂ ಯಂತ್ರ ನಿಲ್ಲುತ್ತದೆ. ಅನಂತರ ವಿದ್ಯುತ್ತಿನ ದಾರಿ: ಸಡಿಲವಾದ ಪ್ಲಗ್ಗು, ಉದ್ದನೆಯ ತೆಳು ತಂತಿ. ಅದೂ ಸರಿಯಾಗಿದ್ದರೆ, ವೇಗವನ್ನು ಎಣಿಸುವ ಪುಟ್ಟ ಸಾಧನ. ಅದು ಧೂಳು ಕವಿದೋ ಅಲುಗಾಡಿಯೋ ಎಣಿಕೆ ತಪ್ಪಿದರೆ, ಪಟ್ಟಿ ಓಡುತ್ತಿದೆಯೋ ಇಲ್ಲವೋ ತಿಳಿಯದೆ ಯಂತ್ರ ತಾನೇ ಆರಿಹೋಗುತ್ತದೆ. ಆದರೆ ಮನುಷ್ಯ ಹತ್ತಿದಾಗ ಮಾತ್ರ, ಅದೂ ಕೆಲವು ನಿಮಿಷದ ಮೇಲೆ ನಿಂತರೆ, ಬಹುಮಟ್ಟಿಗೆ ಉಜ್ಜಾಟವೇ ಕಾರಣ. ಪಟ್ಟಿಯ ಕೆಳಗೆ ಎಣ್ಣೆ ಆರಿದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆದು ಬಿಸಿಯಾಗುತ್ತದೆ. ಸುಟ್ಟುಹೋಗುವ ಮೊದಲು ಕಾವಲಿನ ಏರ್ಪಾಟು ಅದನ್ನು ನಿಲ್ಲಿಸುತ್ತದೆ. ಪಟ್ಟಿಯನ್ನು ಅತಿಯಾಗಿ ಬಿಗಿದಿದ್ದರೂ, ಮೋಟಾರಿನ ಸುತ್ತ ಧೂಳು ಕಟ್ಟಿದ್ದರೂ ಇದೇ ಗತಿ.

ಪ್ಲಗ್ಗು ಕಿತ್ತು, ಪಟ್ಟಿಯ ಅಂಚನ್ನೆತ್ತಿ, ಒಳಗೆ ಅಂಗೈ ಆಡಿಸಿ ಅವನು ನನ್ನ ಮುಖ ನೋಡಿದ. "ಇದೇನು ಸಾರ್, ಯಾವ ಎಣ್ಣೆ ಹಾಕಿದಿರಿ?" ಹೊಲಿಗೆ ಯಂತ್ರದ ಎಣ್ಣೆಯೆಂದು ಒಪ್ಪಿಕೊಂಡೆ. "ಅದು ಪಟ್ಟಿಯನ್ನೇ ತಿಂದುಹಾಕುತ್ತೆ. ಇದಕ್ಕೆ ಸಿಲಿಕೋನ್ ಎಣ್ಣೆಯೇ ಆಗಬೇಕು" ಎಂದು, ಒಳಗನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಹೊಸ ಎಣ್ಣೆಯನ್ನು ಗೆರೆ ಎಳೆದಂತೆ ಹಾಕಿದ. ಹೊರಡುವಾಗ ಹೇಳಿದ: "ಮಿಷನ್ ಕೆಟ್ಟಿರಲಿಲ್ಲ, ಸಾರ್. ನಿಂತದ್ದರಿಂದಲೇ ಮೋಟಾರು ಉಳಿಯಿತು."

ಈಗ ಅದು ಅರ್ಧ ಗಂಟೆ ನಿಲ್ಲದೆ ಓಡುತ್ತದೆ. ಮೊದಲೆಲ್ಲ ಆ ಕೀಲಿಯ ದಾರವನ್ನು ನಾನು ಅಂಗಿಗೆ ಸಿಕ್ಕಿಸುತ್ತಿರಲಿಲ್ಲ, ಸುಮ್ಮನೆ ತೂಗಬಿಡುತ್ತಿದ್ದೆ. ಬಿದ್ದರೆ ದಾರ ಜಗ್ಗಿ ಕೀಲಿ ಕಳಚುತ್ತದೆ, ಪಟ್ಟಿ ನಿಲ್ಲುತ್ತದೆ. ಅದಕ್ಕಿರುವ ಕೆಲಸ ಅಷ್ಟೇ. ಜಮೈಕದ ಚಕ್ರದಲ್ಲಿಯೂ ಮನುಷ್ಯನನ್ನು ಯಂತ್ರಕ್ಕೆ ಕಟ್ಟುತ್ತಿದ್ದರು, ಅವನು ನಿಲ್ಲದಿರಲೆಂದು. ಇಲ್ಲಿ ಕಟ್ಟುವುದು ಅದು ನಿಲ್ಲಲೆಂದು. ಈ ಎರಡು ಕಟ್ಟುಗಳ ನಡುವೆ ಸುಮಾರು ಇನ್ನೂರು ವರ್ಷಗಳಿವೆ, ಸುಲಿದ ಮೊಳಕಾಲುಗಳಿವೆ, ಒಬ್ಬ ಹುಡುಗನ ಸಾಕ್ಷ್ಯವಿದೆ. ಈಗ ಪ್ರತಿದಿನ ಬೆಳಗ್ಗೆ ಹತ್ತುವ ಮೊದಲು ದಾರವನ್ನು ಅಂಗಿಗೆ ಸಿಕ್ಕಿಸುತ್ತೇನೆ. ನಮ್ಮಾಕೆ ಬಟ್ಟೆ ಒಣಹಾಕಲು ಬೇರೆ ಜಾಗ ನೋಡಿಕೊಂಡಿದ್ದಾರೆ.