ಲಂಡನ್ನಿಗೆ ಅವಳು, ಲೋಂಡಾ ದಾರಿಯಲ್ಲಿ ನಾನು

ಅಕ್ಕನ ಮಗಳು ಕಾನೂನು ಓದುತ್ತಿದ್ದಾಳೆ. ಹೋದ ವಾರ ಫೋನ್ ಮಾಡಿ "ಮಾಮಾ, ಈ ಸೂಟಿಯೊಳಗ ಲಂಡನ್ನಿಗೆ ಹೊಂಟೀನಿ, ನಾಲ್ಕು ವಾರ ಇಂಟರ್ನ್‌ಶಿಪ್ಪು" ಅಂದಳು. ಯಾವುದೋ ದೊಡ್ಡ ವಕೀಲರ ಆಫೀಸಿರಬೇಕು ಅಂದುಕೊಂಡೆ. ಅಲ್ಲವಂತೆ. ಬಾಡಿಗೆ ಕಟ್ಟಲಾಗದವರು, ವೀಸಾ ತೊಡಕಿನಲ್ಲಿ ಸಿಕ್ಕವರು, ಇಂಥವರಿಗೆ ಪುಕ್ಕಟೆ ಸಲಹೆ ಕೊಡುವ ಒಂದು ಸಣ್ಣ ಕೇಂದ್ರ. ಸಂಬಳ ಇಲ್ಲ. ವಿಮಾನದ ಖರ್ಚು ನಮ್ಮ ಭಾವನ ತಲೆಯ ಮೇಲೆ :-)

"ನೀವು ಓದೂಮುಂದ ಎಲ್ಲಿಗೆ ಹೋಗಿದ್ರಿ ಮಾಮಾ?"

"ನಾನೂ ಹೋಗಿದ್ನೆಲ್ಲವಾ, ಲೋಂಡಾ ಕಡೆ!"

(ಈ ಕಡೆಯವರಲ್ಲದವರಿಗೆ: ಲೋಂಡಾ ನಮ್ಮ ಖಾನಾಪುರ ತಾಲೂಕಿನ ರೈಲ್ವೆ ಜಂಕ್ಷನ್. ಗೋವಾ ಗಾಡಿ ಅಲ್ಲಿಂದ ಘಟ್ಟ ಇಳಿಯುತ್ತದೆ.)

ಫೋನಿಟ್ಟ ಮೇಲೆ, ಹೀಗೇ ಲಂಡನ್ನಿಗೆ ಕಾನೂನು ಓದಲು ಹೋಗಿ ಓದಿನ ಹೊರಗೇ ಹೆಚ್ಚು ಕಲಿತ ಇನ್ನೊಬ್ಬ ವಿದ್ಯಾರ್ಥಿ ನೆನಪಾದ. 1888ರಲ್ಲಿ ಇನ್ನರ್ ಟೆಂಪಲ್ ಸೇರಿದ ಮೋಹನದಾಸ ಗಾಂಧಿ. ಆಗ ಬ್ಯಾರಿಸ್ಟರ್ ಆಗಬೇಕಾದರೆ ಪರೀಕ್ಷೆಯ ಜೊತೆಗೆ ಊಟಗಳ ಹಾಜರಿಯೂ ಬೇಕಿತ್ತು, ಒಂದು ಟರ್ಮಿಗೆ ಕನಿಷ್ಠ ಆರು ಊಟ. ನಾಲ್ಕು ಜನರ ಪಂಕ್ತಿಗೆ ಎರಡು ಬಾಟಲಿ ವೈನ್ ಇಡುತ್ತಿದ್ದರಂತೆ. ಗಾಂಧಿ ಕುಡಿಯುತ್ತಿರಲಿಲ್ಲವಲ್ಲ, ಉಳಿದ ಮೂವರಿಗೆ ಹಬ್ಬ. ಹೀಗಾಗಿ ಅವರನ್ನು ತಮ್ಮ ಪಂಕ್ತಿಗೆ ಕರೆಯಲು ಪೈಪೋಟಿ! ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅಲ್ಲಿ ರೋಮನ್ ಕಾನೂನು ಓದಿದರು, ಆದರೆ ಹಿಂದೂ ಕಾನೂನು, ಮುಸ್ಲಿಂ ಕಾನೂನಿನ ಗಂಧಗಾಳಿ ಇರಲಿಲ್ಲ ಅಂತಲೂ ಹೇಳಿಕೊಂಡಿದ್ದಾರೆ.

ಸಾರ್ವಜನಿಕ ಕೆಲಸದ ಮೊದಲ ಪಾಠ ಆಗಿದ್ದು ಸಸ್ಯಾಹಾರಿಗಳ ನಡುವೆ. ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಸೇರಿದರು. ಡಾ. ಆಲಿನ್‌ಸನ್ ಅನ್ನುವವರು ಸಂತಾನ ನಿಯಂತ್ರಣದ ಪರ ಇದ್ದಾರೆಂದು ಅವರನ್ನು ಸಂಘದಿಂದ ತೆಗೆಯುವ ಮಾತು ಬಂತು. ಆ ವಿಚಾರ ಗಾಂಧಿಗೂ ಒಪ್ಪಿಗೆ ಇಲ್ಲ, ಆದರೆ ಅದಕ್ಕಾಗಿ ಒಬ್ಬನನ್ನು ಹೊರಗೆ ಹಾಕುವುದು ಸರಿಯಲ್ಲ ಅನ್ನಿಸಿತು. ಬರೆದುಕೊಂಡು ಹೋದರು. ಎದ್ದು ಓದಲು ಧೈರ್ಯ ಸಾಲದೆ ಬೇರೆಯವರಿಂದ ಓದಿಸಿದರು. ಆಲಿನ್‌ಸನ್ ಪಕ್ಷ ಸೋತಿತು. ಬೇಸ್‌ವಾಟರ್ ಓಣಿಯಲ್ಲಿ ತಾವೇ ಒಂದು ಸಸ್ಯಾಹಾರಿ ಕ್ಲಬ್ಬನ್ನೂ ಕಟ್ಟಿದರು, ಕಾರ್ಯದರ್ಶಿ ತಾವೇ. ಕೆಲವೇ ತಿಂಗಳಲ್ಲಿ ಅದು ಮುಚ್ಚಿತು. ಕಾರಣ ಏನು ಗೊತ್ತೇ? ಗಾಂಧಿ ಬಿಡಾರ ಬದಲಿಸಿ ಬೇರೆ ಓಣಿಗೆ ಹೋದರು. ನನ್ನ ತಲೆಯಲ್ಲಿ ಕೂತಿದ್ದು ಈ ಕ್ಲಬ್ಬೇ.

1891ರ ಜೂನ್ 10ಕ್ಕೆ ಬ್ಯಾರಿಸ್ಟರ್, 12ಕ್ಕೆ ಊರಿಗೆ ಹೊರಟಾಯಿತು. ಮುಂಬೈಯ ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಗೆ ಪ್ರಶ್ನೆ ಕೇಳಲು ಎದ್ದು ಬಾಯಿ ಕಟ್ಟಿ ಕೂತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮುಂದೆ ನಟಾಲದಲ್ಲಿ ಬಾಲಸುಂದರಂ ಎಂಬ ತಮಿಳು ಕೂಲಿ, ಮಾಲಿಕನ ಹೊಡೆತಕ್ಕೆ ಹಲ್ಲು ಮುರಿದುಕೊಂಡು, ರುಮಾಲು ಕೈಯಲ್ಲಿ ಹಿಡಿದು ಅವರ ಆಫೀಸಿಗೆ ಬಂದ. ಅವನ ಸಂಕಟ ಗಾಂಧಿಗೆ ತಿಳಿದದ್ದು ತಮಿಳು ಬಲ್ಲ ಗುಮಾಸ್ತನ ಬಾಯಿಂದ.

ಅದೇ ಗಾಂಧಿ 1924ರ ಡಿಸೆಂಬರ್ 26, 27ಕ್ಕೆ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಟಿಳಕವಾಡಿಯ ಬಯಲಿನಲ್ಲಿ ಗಂಗಾಧರರಾವ ದೇಶಪಾಂಡೆಯವರು ವಿಜಯನಗರ ಅಂತ ಹೆಸರಿಟ್ಟು ಊರನ್ನೇ ಎಬ್ಬಿಸಿದರು. ನೀರಿಗೆಂದು ಬಾವಿ ತೋಡಿಸಿದರು. ಡೇರೆಗಳು ಹೋದವು, ಕಾಂಗ್ರೆಸ್ ಬಾವಿ ಇನ್ನೂ ಇದೆ.

ಅದೇ ಟಿಳಕವಾಡಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು. ಕರ್ನಾಟಕ ಲಾ ಸೊಸೈಟಿಯವರು 1939ರಲ್ಲಿ ಶುರು ಮಾಡಿದ್ದು, ಹೆಸರು ವಂಟಮುರಿಯ ರಾಜರದು. ಅದಕ್ಕೂ ಮುಂಚೆ ಈ ಕಡೆಯ ಹುಡುಗರು ವಕೀಲಿ ಓದಲು ಪುಣೆ, ಮುಂಬೈ ಹಿಡಿಯಬೇಕಿತ್ತು. 2017ರಿಂದ 2022ರ ತನಕ ದೇಶದ ಅಟಾರ್ನಿ ಜನರಲ್ ಆಗಿದ್ದ ಕೆ. ಕೆ. ವೇಣುಗೋಪಾಲ್ ಕಾನೂನು ಓದಿದ್ದು ಇಲ್ಲೇ.

ಬಡವರ ಕೆಲಸಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಹಚ್ಚುವುದು ಅಮೆರಿಕದಲ್ಲಿ ಹಳೆಯ ಪದ್ಧತಿ. ಹಾರ್ವರ್ಡಿನ ಹುಡುಗರು 1913ರಲ್ಲೇ ಪುಕ್ಕಟೆ ನೆರವಿನ ಕಚೇರಿ ತೆರೆದರು. ನಮ್ಮಲ್ಲಿ 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ವಿಧಿ ಬಂತು. 1987ರ ಕಾನೂನು ಸೇವೆಗಳ ಕಾಯ್ದೆ ಜಾರಿಯಾಗಲು 1995ರ ನವೆಂಬರ್ 9 ಆಗಬೇಕಾಯಿತು. ಬಾರ್ ಕೌನ್ಸಿಲ್ಲಿನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಆದರೆ ಯಾವ ವರ್ಷವೂ ನಾಲ್ಕು ವಾರಕ್ಕಿಂತ ಹೆಚ್ಚು ಒಂದೇ ಸಮನೆ ಮಾಡುವ ಹಾಗಿಲ್ಲ. ಸಾಹೇಬರ ಊಟದ ಲೆಕ್ಕ ಹೋಗಿ ವಾರದ ಲೆಕ್ಕ ಬಂತು, ಅಷ್ಟೇ.

ಈಗ ನನ್ನ ಲೋಂಡಾ ಕಥೆ. 1998ರ ಮೇ ತಿಂಗಳು. ಕಾನೂನು ಅರಿವು ಶಿಬಿರಕ್ಕೆಂದು ನಾವೊಂದಿಷ್ಟು ಜನ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಕೆಂಪು ಬಸ್ಸಿನಲ್ಲಿ ಕಾಡಿನ ಬದಿಯ ಒಂದು ಹಳ್ಳಿಗೆ ಹೋದೆವು. ಬೆಳಗಾವಿಯಿಂದ ಖಾನಾಪುರ ಬರೀ ಇಪ್ಪತ್ತಾರು ಕಿಲೋಮೀಟರು. ನಾನು ಬೈಲಹೊಂಗಲ ಕಡೆಯವನು, ಮರಾಠಿ ಅಂದರೆ ಚಹಾದಂಗಡಿಯಲ್ಲಿ ನಡೆಯುವಷ್ಟು. ಆ ಹಳ್ಳಿಯಲ್ಲಿ ಮರಾಠಿ ಬಿಟ್ಟು ಬೇರೆ ಇಲ್ಲ. ನಮ್ಮ ಭಾಷಣ ಕೇಳಿ ಎಲ್ಲರೂ ಗೌರವದಿಂದ ತಲೆ ಆಡಿಸಿದರು. ತಿಳಿಯಿತು ಅಂತ ನಾನೂ ತಿಳಿದೆ.

ಮುಗಿದ ಮೇಲೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಉತಾರ ಕೊಟ್ಟರು. ಭೂಮಿ ಕಂಪ್ಯೂಟರಿಗೂ ಮುಂಚಿನ ಮಾತು, ತಲಾಟಿ ಕೈಯಿಂದ ಬರೆದದ್ದು, ಕನ್ನಡದಲ್ಲಿ. ನಾನು ಓದಬಲ್ಲೆ, ಅಜ್ಜಿಗೆ ಹೇಳಲಾರೆ. ಅಜ್ಜಿ ಹೇಳಬಲ್ಲರು, ನನಗೆ ತಿಳಿಯದು. ಕೊನೆಗೆ ನಾಲ್ಕನೆತ್ತೆ ಓದುವ ಮೊಮ್ಮಗ ನಮ್ಮಿಬ್ಬರ ದುಭಾಷಿ! ಗಂಡ ತೀರಿ ಆರು ವರ್ಷ, ಹೊಲ ಇನ್ನೂ ಆತನ ಹೆಸರಿನಲ್ಲೇ. ವಾರಸಾ ಮಾಡಿಸಬೇಕೆಂದರೆ ಮರಣದ ದಾಖಲೆ ಬೇಕು, ಅದನ್ನು ಯಾರೂ ಬರೆಸಿಲ್ಲ. ಆಗ ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, ಅಂದರೆ ಖಾನಾಪುರ ಕೋರ್ಟು. ಹುಡುಗ ಇಷ್ಟನ್ನೂ ಹೇಗೆ ಹೇಳಿದನೋ, ಅಜ್ಜಿ ಕೋರ್ಟು ಅನ್ನುವ ಶಬ್ದಕ್ಕೇ ಉತಾರ ತಿರುಗಿ ಕಸಿದುಕೊಂಡರು. ಕೋರ್ಟಿನಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಅದು ಆಗಲೇ ಜಾರಿಯಲ್ಲಿತ್ತು. ಆ ಮಾತು ಅಜ್ಜಿಗೆ ಹೇಳಿದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ.

ಮತ್ತೆ ಸಮಾಧಾನ ಮಾಡಿ ಅರ್ಜಿ ಬರೆದುಕೊಟ್ಟೆ. ಹೆಬ್ಬೆಟ್ಟು ಒತ್ತಿಸಿದೆ. "ಮುಂದಿನ ತಿಂಗಳು ಬರ್ತೀನಿ, ಕೋರ್ಟಿಗೆ ಕೂಡೇ ಹೋಗೋಣ" ಅಂತ ಹುಡುಗನ ಕೈಲಿ ಹೇಳಿಸಿದೆ. ಅಜ್ಜಿ ಒಂದು ಹಲಸಿನ ಹಣ್ಣು ಕೊಟ್ಟರು, ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಜೂನಿನಲ್ಲಿ ಮಳೆ ಹಿಡಿಯಿತು. ಆಮೇಲೆ ಪರೀಕ್ಷೆ. ಆಮೇಲೆ ಊರು, ನೌಕರಿ. ನಾನು ಹೋಗಲಿಲ್ಲ. ಶಿಬಿರದ ವರದಿಯಲ್ಲಿ ಮಾತ್ರ "ಒಬ್ಬ ಫಲಾನುಭವಿಗೆ ಅರ್ಜಿ ಬರೆದುಕೊಡಲಾಯಿತು" ಅಂತ ನಾನೇ ಬರೆದಿದ್ದೆ, ಅದಕ್ಕೆ ಅಂಕವೂ ಸಿಕ್ಕಿತು.

ನಿನ್ನೆ ರಾತ್ರಿ ಅಕ್ಕನ ಮಗಳು ಮತ್ತೆ ಫೋನ್ ಮಾಡಿದ್ದಳು, ಸ್ವೆಟರ್ ಯಾವುದು ಒಯ್ಯಲಿ ಅಂತ. ಅಜ್ಜಿಯ ಕಥೆ ಹೇಳಿ, "ನೀ ನಾಲ್ಕು ವಾರ ಆದಮ್ಯಾಲೆ ಬಂದುಬಿಡ್ತಿ. ನೀ ಹಿಡಿದ ಫೈಲು ಮುಂದ ಯಾರ ಕೈಗೆ ಹೋಗ್ತದ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೊತ್ತಿಲ್ಲ ಮಾಮಾ. ಹೋದ ದಿನಾನ ಕೇಳ್ತೀನಿ" ಅಂದಳು. ಆಮೇಲೆ, "ಆ ಹಳ್ಳಿ ಹೆಸರು ನೆನಪೈತೇನು?"

ನೆನಪಿದೆ. ಹೇಳಿದೆ. ಬರೆದುಕೊಂಡಳು.