ಮಾನಿಟರ್ ಬೆನ್ನ ಹಿಂದಿನ ದೀಪದ ಕಥೆ

ಇದು ಈ ವಾರದ ಮಾತಿನ ಬರಹರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಇಲ್ಲೇ ಓದಿಕೊಳ್ಳಬಹುದು.

ಇಲ್ಲಿ ಚಾಕಣದಲ್ಲಿ ನನ್ನ ಪಕ್ಕದ ರೂಮಿನಲ್ಲಿರುವ ವಿಜಯಪುರದ ಹುಡುಗ ಮೊನ್ನೆ ಕೇಳಿದ: "ಅಣ್ಣಾ, ಸೆಕೆಂಡ್‌ಹ್ಯಾಂಡ್ ಎಲ್‌ಸಿಡಿ ಒಂದೂವರೆ ಸಾವಿರಕ್ಕ ಕೊಡ್ತಾರ, ಹೊಸಾ ಎಲ್‌ಇಡಿಗೆ ಎಂಟು ಸಾವಿರ ಅಂತಾರ. ಫರಕ್ ಏನೈತಿ?"

ಪ್ರಶ್ನೆ ಚಿಕ್ಕದು. ಉತ್ತರಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ, ಅದರಲ್ಲಿ ನಮ್ಮ ಮೈಸೂರು, ಬೆಂಗಳೂರೂ ಬರ್ತವೆ.

ಮೊದಲು ಒಂದು ವಿಷಯ. ಅಂಗಡಿಯವರು 'ಎಲ್‌ಇಡಿ ಮಾನಿಟರ್' ಅನ್ನುವುದು ಕೂಡ ಎಲ್‌ಸಿಡಿನೇ. ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಅದು ಕಿಟಕಿ ಇದ್ದ ಹಾಗೆ, ಹಿಂದಿನಿಂದ ಬರುವ ಬೆಳಕನ್ನು ಬಿಡುತ್ತೆ ಇಲ್ಲವೇ ತಡೆಯುತ್ತೆ. ಎಲ್‌ಇಡಿ ಅನ್ನೋದು ಆ ಕಿಟಕಿಯ ಹಿಂದಿನ ದೀಪದ ಹೆಸರು. ಹಳೆಯದರಲ್ಲಿ ಆ ಜಾಗದಲ್ಲಿ ಸಿಸಿಎಫ್‌ಎಲ್ ಎಂಬ ಪೆನ್ಸಿಲ್‌ಗಿಂತ ತೆಳ್ಳಗಿನ ಟ್ಯೂಬ್‌ಲೈಟು ಇರ್ತಿತ್ತು.

ಕಿಟಕಿಯ ಕಥೆ ಶುರುವಾಗುವುದು 1888ರಲ್ಲಿ. ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಕೊಲೆಸ್ಟರಾಲಿನ ಒಂದು ಸಂಯುಕ್ತ ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಕರಗುವುದನ್ನು ಕಂಡರು. ಆಮೇಲೆ ಸಿಕ್ಕ ದ್ರವಸ್ಫಟಿಕಗಳ ಅಣುಗಳೆಲ್ಲ ಹೆಚ್ಚುಕಡಿಮೆ ಕಡ್ಡಿಯ ಆಕಾರದವು. ಕಡ್ಡಿಯಂಥ ಅಣುವಿನಿಂದ ಮಾತ್ರ ಇದು ಸಾಧ್ಯ ಎಂಬ ನಂಬಿಕೆಯೇ ಬೇರೂರಿತ್ತು.

ಅದನ್ನು ಮುರಿದದ್ದು ಬೆಂಗಳೂರು. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ 1961ರಿಂದ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದಲ್ಲಿದ್ದು ದ್ರವಸ್ಫಟಿಕಗಳ ಅಧ್ಯಯನ ಬೆಳೆಸಿದರು. 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಅದಕ್ಕೆಂದೇ ಪ್ರಯೋಗಾಲಯ ಕಟ್ಟಿದರು. 1977ರಲ್ಲಿ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕ ಆಗಬಲ್ಲವು ಎಂದು ತೋರಿಸಿದರು. ಪ್ರಬಂಧ ಪ್ರಕಟವಾದದ್ದು 'ಪ್ರಮಾಣ' ಎಂಬ ಭಾರತೀಯ ಪತ್ರಿಕೆಯಲ್ಲೇ.

ಇದರಿಂದ ನಮಗೇನು? ಹಳೇ ಟಿಎನ್ ಮಾನಿಟರನ್ನು ಓರೆಯಿಂದ ನೋಡಿದರೆ ಬಣ್ಣ ಕೆಡ್ತಿತ್ತು, ನೆನಪಿದೆಯಾ? ಜಪಾನಿನ ಫ್ಯೂಜಿ ಕಂಪನಿ 1990ರ ದಶಕದಲ್ಲಿ ಇದೇ ಬಿಲ್ಲೆ ಅಣುಗಳನ್ನು ಓರೆಯಾಗಿ ಜೋಡಿಸಿದ ತೆಳು ಫಿಲ್ಮ್ ಮಾಡಿತು. ಪ್ಯಾನೆಲ್‌ಗೆ ಅದನ್ನು ಅಂಟಿಸಿದರೆ ನೋಡುವ ಕೋನ ಅಗಲವಾಗುತ್ತೆ. ಕಂಡುಹಿಡಿದದ್ದು ಇಲ್ಲಿ, ಫಿಲ್ಮ್ ಆಗಿ ಮಾರುಕಟ್ಟೆಗೆ ಬಂದದ್ದು ಅಲ್ಲಿಂದ. ಚಂದ್ರಶೇಖರ್ 1991ರಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಶುರುಮಾಡಿದರು. ಜಾಲಹಳ್ಳಿಯಲ್ಲಿ ಬೆಳೆದ ಆ ಕೇಂದ್ರ ಇವತ್ತಿಗೂ ಬೇರೆ ಹೆಸರಿನಲ್ಲಿ ನಡೀತಿದೆ. ಆದರೆ ನಮ್ಮ ಮೇಜಿನ ಮೇಲಿನ ಪ್ಯಾನೆಲ್ ಮಾತ್ರ ಹೊರಗಿನಿಂದಲೇ ಬರುತ್ತೆ. ದಿನವಿಡೀ ಗಾಡಿಗಳು ತಯಾರಾಗುವ ಚಾಕಣದಲ್ಲಿ ಕೂತು ಇದನ್ನ ಹೇಳುವಾಗ ಸ್ವಲ್ಪ ಚುಚ್ಚುತ್ತೆ.

ಈಗ ದೀಪದ ಕಡೆ ಬರೋಣ. ಸಿಸಿಎಫ್‌ಎಲ್ ಟ್ಯೂಬಿಗೆ ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಬೇಕು, ಒಳಗೆ ಪಾದರಸ ಇರುತ್ತೆ, ವರ್ಷ ಕಳೆದಂತೆ ಬೆಳಕು ಮಂಕಾಗುತ್ತೆ. 1990ರ ದಶಕದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಬಂತು. ಅದರ ಮೇಲೆ ಹಳದಿ ಪಾಸ್ಫರ್ ಬಳಿದು ಬಿಳಿ ಬೆಳಕು ಪಡೆದರು. ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಪಾದರಸ ಹೋಯಿತು, ಕರೆಂಟು ಉಳಿಯಿತು, ಮಾನಿಟರ್ ತೆಳ್ಳಗಾಯಿತು.

ಆದರೆ ಹೊಸ ದೀಪ ಒಂದು ಹೊಸ ತೊಂದರೆಯನ್ನೂ ತಂತು, ಅದನ್ನ ಅನುಭವಿಸಿದವನು ನಾನೇ. ಕೆಲವು ಮಾನಿಟರ್‌ಗಳು ಬೆಳಕು ಕಮ್ಮಿ ಮಾಡೋಕೆ ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಇದಕ್ಕೆ ಪಿಡಬ್ಲ್ಯುಎಂ ಅಂತಾರೆ. ಟ್ಯೂಬಿನಲ್ಲೂ ಹೀಗೆ ಮಾಡ್ತಿದ್ದರು. ಅಲ್ಲಿ ಪಾಸ್ಫರ್ ನಿಧಾನಕ್ಕೆ ಆರುವುದರಿಂದ ಮಿನುಗು ಮೆತ್ತಗಾಗ್ತಿತ್ತು. ಎಲ್‌ಇಡಿ ಹಾಗಲ್ಲ, ಥಟ್ಟನೆ ಆರುತ್ತೆ. ರಾತ್ರಿ ಪಾಳಿಯಲ್ಲಿ ಬ್ರೈಟ್‌ನೆಸ್ ಇಳಿಸಿಕೊಂಡು ಕೋಡ್ ಬರೀತಿದ್ದ ನನಗೆ ನಾಲ್ಕು ತಿಂಗಳು ತಲೆನೋವು. ಕನ್ನಡಕ ಬದಲಾಯಿಸಿದೆ, ಕಾಫಿ ಬಿಟ್ಟೆ, ಕೆಲಸವನ್ನೇ ಬಿಡೋಣ ಅಂತಲೂ ಅನ್ನಿಸಿತ್ತು. ಕೊನೆಗೆ ಮಾನಿಟರ್ ಬದಲಾಯಿಸಿದ ಮೇಲೆ ಕಮ್ಮಿಯಾಯಿತು. ಎಲ್ಲರಿಗೂ ಹೀಗಾಗಲ್ಲ. ತಲೆನೋವು ಇದ್ದರೆ ಮೊದಲು ಕಣ್ಣಿನ ಡಾಕ್ಟರನ್ನ ನೋಡಿ.

ನಿಮ್ಮದನ್ನ ಪರೀಕ್ಷಿಸೋದು ಸುಲಭ. ಕತ್ತಲೆ ಕೋಣೆಯಲ್ಲಿ ಬಿಳಿ ಪರದೆ ತೆರೆದು, ಬ್ರೈಟ್‌ನೆಸ್ ಇಳಿಸಿ, ಮುಂದೆ ಪೆನ್ಸಿಲ್ ಬೀಸಿ. ನೆರಳು ಒಂದೇ ಸಮ ಮಸುಕಾಗಿ ಕಂಡರೆ ಸರಿ. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡರೆ ದೀಪ ಮಿನುಗುತ್ತಿದೆ ಅಂತ ಅರ್ಥ.

ಹಾಗಾದರೆ ಏನು ತಗೋಬೇಕು? ದಿನಕ್ಕೆ ಎಂಟು ಗಂಟೆ ಅಕ್ಷರ ನೋಡುವವರಿಗೆ ಐಪಿಎಸ್ ಪ್ಯಾನೆಲ್, ಸಾಮಾನ್ಯ ಎಲ್‌ಇಡಿ ದೀಪ, ಜೊತೆಗೆ 'ಫ್ಲಿಕರ್ ಫ್ರೀ' ಇದ್ದರೆ ಸಾಕು. ಮಿನಿ ಎಲ್‌ಇಡಿಯಲ್ಲಿ ಸಾವಿರಾರು ಪುಟ್ಟ ದೀಪಗಳು ಗುಂಪುಗುಂಪಾಗಿ ಆರುತ್ತವೆ. ಸಿನಿಮಾಕ್ಕೆ ಚೆನ್ನ, ಆದರೆ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದ ಸುತ್ತ ಪ್ರಭೆ ಕಾಣಿಸಬಹುದು. ಓಎಲ್‌ಇಡಿಗೆ ಹಿಂದೀಪವೇ ಬೇಡ. ಆದರೆ ಒಂದೇ ಕಡೆ ನಿಂತಿರುವ ಟಾಸ್ಕ್‌ಬಾರು ವರ್ಷಗಟ್ಟಲೆ ಇದ್ದರೆ ಅಚ್ಚು ಬೀಳುವ ಭಯ ಇದೆ.

ವಿಜಯಪುರದ ಹುಡುಗನಿಗೆ ಹೇಳಿದ್ದೂ ಇಷ್ಟೇ: ಡಬ್ಬದ ಮೇಲಿನ ಹೆಸರು ದೀಪದ್ದು. ನೀನು ಪ್ಯಾನೆಲ್ ಯಾವುದು, ದೀಪ ಯಾವುದು, ಮಿನುಗುತ್ತಾ ಅಂತ ಮೂರು ಪ್ರಶ್ನೆ ಕೇಳು. ಪೆನ್ಸಿಲ್ ಜೇಬಲ್ಲಿ ಇಟ್ಕೊಂಡು ಹೋಗು.

ಹೋದ, ಬೀಸಿ ನೋಡಿಯೇ ತಂದ. ಮುಂದಿನ ವಾರ ಸಿಗೋಣ.